ಪ್ಲೇಟ್‌ಲೆಟ್ ಜಾಸ್ತಿ ಬಂದಿದೆ, ಏನು ಮಾಡಲಿ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್ (ಸಂಜೆ 5:00): ಎಲ್ಲರಿಗೂ ನಮಸ್ಕಾರ. ಇವತ್ತು 7 ಗಂಟೆವರೆಗೆ ಡಾಕ್ಟರ್ ಮೇಡಂ ನಮ್ಮ ಜೊತೆ ಇರುತ್ತಾರೆ. ಅವರು ರಕ್ತದ ಕಾಯಿಲೆಗಳ ತಜ್ಞೆ. ವಿಷಯ ಪ್ಲೇಟ್‌ಲೆಟ್ ಜಾಸ್ತಿ ಇರುವುದು. ಕಡಿಮೆ ಅಲ್ಲ, ಜಾಸ್ತಿ. ವಯಸ್ಸು, ಕೌಂಟ್, ಈಗ ನುಂಗುತ್ತಿರುವ ಮಾತ್ರೆ ಬರೆಯಿರಿ. ಹೆಸರು ಬೇಡ, ಊರು ಸಾಕು. ಶುಭ ಸಂಜೆ ಚಿತ್ರಗಳನ್ನು ದಯವಿಟ್ಟು ಹಾಕಬೇಡಿ.

ಡಾಕ್ಟರ್: ನಮಸ್ಕಾರ. 1.5 ಲಕ್ಷದಿಂದ 4.5 ಲಕ್ಷ ನಾರ್ಮಲ್. ಅದನ್ನು ದಾಟಿದವರಲ್ಲಿ ಹೆಚ್ಚಿನವರಿಗೆ ರಕ್ತದ ಕಾಯಿಲೆಯೇ ಇರುವುದಿಲ್ಲ. ಕಬ್ಬಿಣದ ಕೊರತೆ, ಸೋಂಕು, ಕೀಲುವಾತ, ಈಚೆಗೆ ಆದ ಆಪರೇಷನ್, ಇಂಥದ್ದೇನೋ ಇರುತ್ತದೆ. ಅದು ಸರಿಹೋದರೆ ಕೌಂಟ್ ಇಳಿಯುತ್ತದೆ. ಕೆಲವರಿಗೆ ಮಾತ್ರ ಮೂಳೆಮಜ್ಜೆಯೇ ಹದ ತಪ್ಪಿ ಪ್ಲೇಟ್‌ಲೆಟ್ ತಯಾರಿಸುತ್ತಿರುತ್ತದೆ. ಅದು ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾ. ಇಲ್ಲಿ ಇಟಿ ಎಂದು ಬರೆಯುತ್ತೇನೆ. ಗ್ರೂಪಿನಲ್ಲಿ ಯಾರಿಗೂ ಡೋಸ್ ಹೇಳುವುದಿಲ್ಲ, ಕೇಳಬೇಡಿ.

ಹಾಸನ, 29 ವರ್ಷ: ಮೇಡಂ, ನನ್ನ ಪ್ಲೇಟ್‌ಲೆಟ್ 6.2 ಲಕ್ಷ. ಹಿಮೋಗ್ಲೋಬಿನ್ 8.1. ಗೂಗಲ್ ಮಾಡಿದರೆ ಬ್ಲಡ್ ಕ್ಯಾನ್ಸರ್ ಎಂದು ಬರುತ್ತಿದೆ. ಮೂರು ದಿನದಿಂದ ನಿದ್ದೆ ಇಲ್ಲ.

ಡಾಕ್ಟರ್: ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆಯೇ? ಫೆರಿಟಿನ್, ಅಂದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ನೋಡುವ ಟೆಸ್ಟ್, ಮಾಡಿಸಿದ್ದೀರಾ?

ಹಾಸನ, 29 ವರ್ಷ: ಏಳೆಂಟು ದಿನ ಹೋಗುತ್ತದೆ. ಫೆರಿಟಿನ್ 5.

ಡಾಕ್ಟರ್: ಹಾಗಾದರೆ ಇದು ಕಬ್ಬಿಣದ ಕೊರತೆ. ಕಬ್ಬಿಣ ಬರಿದಾದಾಗ ಪ್ಲೇಟ್‌ಲೆಟ್ ಏರುವುದು ದಿನಾ ನೋಡುವ ಸಂಗತಿ. ನಿಮ್ಮ ಡಾಕ್ಟರ್ ಹತ್ತಿರ ಕಬ್ಬಿಣದ ಮಾತ್ರೆ ಬರೆಸಿಕೊಳ್ಳಿ. ಕಾಫಿ, ಟೀ ಜೊತೆ ನುಂಗಬೇಡಿ, ಒಂದೆರಡು ಗಂಟೆ ಅಂತರ ಇರಲಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಬಿಡಬೇಡಿ. ಖಾಲಿಯಾದ ದಾಸ್ತಾನು ತುಂಬಬೇಕಲ್ಲ. ಅಷ್ಟು ರಕ್ತ ಯಾಕೆ ಹೋಗುತ್ತಿದೆ ಎಂದು ಸ್ತ್ರೀರೋಗ ತಜ್ಞರಿಗೂ ತೋರಿಸಿ. ಕಬ್ಬಿಣ ತುಂಬಿದ ಮೇಲೂ ಪ್ಲೇಟ್‌ಲೆಟ್ ಇಳಿಯದಿದ್ದರೆ ಆಗ ನಮ್ಮಂಥವರ ಹತ್ತಿರ ಬನ್ನಿ. ಇವತ್ತು ರಾತ್ರಿ ನಿದ್ದೆ ಮಾಡಿ.

ತುಮಕೂರು: ನಮ್ಮ ತಂದೆಗೆ 58. ಇಟಿ ಎಂದಿದ್ದಾರೆ. ಮೂರು ತಿಂಗಳಿಂದ ಎಕೋಸ್ಪ್ರಿನ್ 75 (ಆಸ್ಪಿರಿನ್ ಮಾತ್ರೆ) ಕೊಡುತ್ತಿದ್ದೇವೆ. ಕೌಂಟ್ ಸ್ವಲ್ಪವೂ ಇಳಿದಿಲ್ಲ.

ಡಾಕ್ಟರ್: ಇಳಿಯುವುದಿಲ್ಲ. ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿ ಹೆಪ್ಪುಗಟ್ಟದ ಹಾಗೆ ಅದು ತಡೆಯುತ್ತದೆ, ಅಷ್ಟೇ. ಸಂಖ್ಯೆ ಇಳಿಸುವ ಮಾತ್ರೆಯೇ ಬೇರೆ. ಅದು ಎಲ್ಲರಿಗೂ ಬೇಕಾಗುವುದೂ ಇಲ್ಲ. 60 ದಾಟಿದವರು, ಮೊದಲೇ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದವರು, ಇವರಿಗೆ ಮುಖ್ಯವಾಗಿ ಬೇಕು.

ಬಾಗಲಕೋಟೆ, 41: ನನ್ನ ಕೌಂಟ್ 8.4 ಲಕ್ಷ. ಡೆಂಗ್ಯೂ ಬಂದವರಿಗೆ ಪ್ಲೇಟ್‌ಲೆಟ್ ಸಿಗದೆ ಒದ್ದಾಡುತ್ತಾರೆ. ನಾನು ಕೊಡಬಹುದಾ? ನನ್ನ ಹತ್ತಿರ ಸುಮ್ನೆ ಇದೆ.

ಡಾಕ್ಟರ್: ನಿಮ್ಮ ಮನಸ್ಸು ದೊಡ್ಡದು. ಆದರೆ ಕೊಡಬಾರದು. ಇಟಿಯಲ್ಲಿ ಪ್ಲೇಟ್‌ಲೆಟ್ ಲೆಕ್ಕಕ್ಕೆ ಜಾಸ್ತಿ ಇರುತ್ತದೆ, ಕೆಲಸ ಸರಿಯಾಗಿ ಮಾಡುತ್ತದೆ ಎನ್ನಲಾಗದು. ಕೌಂಟ್ 10 ಲಕ್ಷ ದಾಟಿ ಮೇಲೆ ಹೋದ ಕೆಲವರಿಗೆ ಹೆಪ್ಪುಗಟ್ಟುವ ಬದಲು ಮೂಗು, ಒಸಡಿನಿಂದ ರಕ್ತ ಬರುತ್ತದೆ. ರಕ್ತ ನಿಲ್ಲಿಸುವ ಒಂದು ಪ್ರೋಟೀನನ್ನು ಆ ಪ್ಲೇಟ್‌ಲೆಟ್‌ಗಳೇ ಖಾಲಿ ಮಾಡಿರುತ್ತವೆ. ಅಂಥವರಿಗೆ ಎಕೋಸ್ಪ್ರಿನ್ ಕೂಡ ಯೋಚಿಸಿ ಕೊಡಬೇಕು.

ಮೈಸೂರು, ನಿವೃತ್ತ: (ಫಾರ್ವರ್ಡ್) ಪ್ಲೇಟ್‌ಲೆಟ್ ಸಮಸ್ಯೆಗೆ ರಾಮಬಾಣ! ಪಪ್ಪಾಯಿ ಎಲೆ ರಸ ಎರಡು ಚಮಚ, ಅಮೃತಬಳ್ಳಿ ಕಷಾಯ ಅರ್ಧ ಲೋಟ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 21 ದಿನ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಸರ್, ಪಪ್ಪಾಯಿ ಎಲೆಯನ್ನು ಜನ ಕುಡಿಯುವುದು ಪ್ಲೇಟ್‌ಲೆಟ್ ಏರಲಿ ಎಂದು. ಇಲ್ಲಿರುವವರಿಗೆ ಬೇಕಾಗಿರುವುದು ಇಳಿಯುವುದು.

ಮೈಸೂರು, ನಿವೃತ್ತ: ಅದು ಸಮತೋಲನಕ್ಕೆ ತರುತ್ತದೆ ಮೇಡಂ. ಕಡಿಮೆ ಇದ್ದರೆ ಏರಿಸುತ್ತದೆ, ಜಾಸ್ತಿ ಇದ್ದರೆ ಇಳಿಸುತ್ತದೆ.

ಡಾಕ್ಟರ್: ಎಲೆಗೆ ಲ್ಯಾಬ್ ರಿಪೋರ್ಟ್ ಓದಲು ಬರುವುದಿಲ್ಲ ಸರ್.

ಉಡುಪಿ: ಅಮ್ಮನಿಗೆ 64. ಇಟಿ, ಕೌಂಟ್ 13.6 ಲಕ್ಷ. ಹೋದ ವಾರ ರುಟೀನ್ ಟೆಸ್ಟ್‌ನಲ್ಲಿ ಪೊಟ್ಯಾಸಿಯಂ 6.7 ಬಂತು. ಐಸಿಯುಗೆ ಹಾಕಿ ಡ್ರಿಪ್ ಕೊಟ್ಟರು. ಅಮ್ಮ ಆರಾಮವಾಗಿ ಕೂತು ಮಾತಾಡುತ್ತಿದ್ದರು. ಇಸಿಜಿ ನಾರ್ಮಲ್, ಕಿಡ್ನಿ ನಾರ್ಮಲ್. ಡಿಸ್ಚಾರ್ಜ್ ಆಗಿ ಮತ್ತೆ ಟೆಸ್ಟ್ ಮಾಡಿಸಿದರೆ 6.4. ಬಾಳೆಹಣ್ಣು, ಎಳನೀರು ಎಲ್ಲ ನಿಲ್ಲಿಸಿದ್ದೇವೆ. ಯಾಕೆ ಹೀಗೆ?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಕಿಡ್ನಿ ಸರಿ ಇದೆ, ಇಸಿಜಿ ಸರಿ ಇದೆ, ಅಮ್ಮ ಕೂತು ಮಾತಾಡುತ್ತಿದ್ದಾರೆ. ಹಾಗಿದ್ದರೆ ಪೊಟ್ಯಾಸಿಯಂ ಏರಿರುವುದು ಅಮ್ಮನ ಮೈಯಲ್ಲಲ್ಲ, ಲ್ಯಾಬಿನ ಟ್ಯೂಬಿನಲ್ಲಿ ಇರಬಹುದು.

ಪೊಟ್ಯಾಸಿಯಂ ನೋಡಲು ಸಾಮಾನ್ಯವಾಗಿ ರಕ್ತವನ್ನು ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ಸೀರಂ ತೆಗೆಯುತ್ತಾರೆ. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್ ತನ್ನೊಳಗಿನ ಪೊಟ್ಯಾಸಿಯಂ ಹೊರಗೆ ಬಿಡುತ್ತದೆ. ಮೂರು ಲಕ್ಷ ಇದ್ದವರಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಹದಿಮೂರು ಲಕ್ಷ ಇದ್ದರೆ ಬರುತ್ತದೆ. ಮುಂದಿನ ಸಲ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಟ್ಯೂಬಿನಲ್ಲಿ ತೆಗೆದು, ಪ್ಲಾಸ್ಮಾದಲ್ಲಿ, ತಡ ಮಾಡದೆ ನೋಡಿ ಎಂದು ಕೇಳಿ. ಅದೇ ಹೊತ್ತಿಗೆ ಸೀರಂನಲ್ಲೂ ನೋಡಿಸಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿಯವರೆಗೆ ನೀವೇ ಸುಳ್ಳು ರಿಪೋರ್ಟ್ ಎಂದು ತೀರ್ಮಾನಿಸಬೇಡಿ. ಅವತ್ತು ಆಸ್ಪತ್ರೆಯವರು ಹೆದರಿದ್ದು ತಪ್ಪಲ್ಲ, ನಿಜವಾದ 6.7 ಹೃದಯ ನಿಲ್ಲಿಸಬಲ್ಲದು. ಆದರೆ ಇಲ್ಲದ ಪೊಟ್ಯಾಸಿಯಂ ಇಳಿಸಲು ಹೋದರೆ ಇರುವುದೂ ಇಳಿಯುತ್ತದೆ, ಅದೂ ಹೃದಯಕ್ಕೆ ಕೆಟ್ಟದ್ದು. ಪ್ಲಾಸ್ಮಾದಲ್ಲಿ ನಾರ್ಮಲ್ ಬಂದರೆ ಅಮ್ಮನ ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ, ಎಳನೀರು ವಾಪಸ್ ಕೊಡಿ. ಇನ್ನೊಂದು, 64 ವರ್ಷ, 13.6 ಲಕ್ಷ. ಸಂಖ್ಯೆ ಇಳಿಸುವ ಮಾತ್ರೆ ಶುರುವಾಗಿದೆಯೇ? ಇಲ್ಲದಿದ್ದರೆ ಯಾಕೆ ಎಂದು ಕೇಳಿ.

ಕೋಲಾರ: ಮೇಡಂ, ಎಕೋಸ್ಪ್ರಿನ್ ಎಷ್ಟು ದಿನದಲ್ಲಿ ಕೌಂಟ್ ಇಳಿಸುತ್ತದೆ?

ಡಾಕ್ಟರ್: ತುಮಕೂರಿನವರಿಗೆ ಹೇಳಿದ್ದನ್ನು ನೋಡಿ.

ಶಿರಸಿ: ಮಗಳಿಗೆ 26. ಇಟಿ, ಜೀನ್ ಟೆಸ್ಟ್‌ನಲ್ಲಿ ಜಾಕ್-2 ನೆಗೆಟಿವ್, ಕ್ಯಾಲ್‌ಆರ್ ಪಾಸಿಟಿವ್. ಔಷಧಿ ಬೇಡ, ಚೆಕಪ್ ಸಾಕು ಎಂದಿದ್ದಾರೆ. ಇದು ಕ್ಯಾನ್ಸರೋ ಅಲ್ಲವೋ? ಮದುವೆ ಮಾತು ನಡೆದಿದೆ. ಗಂಡಿನ ಕಡೆಯವರಿಗೆ ಹೇಳಬೇಕಾ?

ಡಾಕ್ಟರ್: ಚೆಕಪ್ ಸಾಕು ಎಂದದ್ದು ಸರಿ. ವಯಸ್ಸು ಚಿಕ್ಕದು, ಜಾಕ್-2 ಇಲ್ಲ, ಹಿಂದೆ ಹೆಪ್ಪುಗಟ್ಟಿಲ್ಲ ಅಂದರೆ ಅಪಾಯ ತೀರಾ ಕಡಿಮೆ. ಹೆಸರಿನ ಬಗ್ಗೆ ಸುಳ್ಳು ಹೇಳುವುದಿಲ್ಲ. 2008ರಿಂದ ವಿಶ್ವ ಆರೋಗ್ಯ ಸಂಸ್ಥೆ ಈ ಗುಂಪನ್ನು ನಿಯೋಪ್ಲಾಸಂ ಎನ್ನುತ್ತದೆ. ನಿಧಾನವಾಗಿ ನಡೆಯುವ ರಕ್ತದ ಕ್ಯಾನ್ಸರ್ ಅನ್ನಬಹುದು. ಜನ ಇದರ ಜೊತೆ ದಶಕಗಟ್ಟಲೆ ಬದುಕುತ್ತಾರೆ, ಮಕ್ಕಳನ್ನು ಹೆರುತ್ತಾರೆ.

ದಾವಣಗೆರೆ: ಕ್ಯಾನ್ಸರ್ ಎನ್ನುವ ಪದ ಗ್ರೂಪಿನಲ್ಲಿ ಬಳಸಬೇಡಿ ಮೇಡಂ. ನಮ್ಮ ಮನೆಯವರು ಓದುತ್ತಾರೆ.

ಬೆಂಗಳೂರು, ವಿಜಯನಗರ: ಪದ ಮುಚ್ಚಿಟ್ಟರೆ ಕಾಯಿಲೆ ಹೋಗುತ್ತದಾ ಅಣ್ಣ? ಶಿರಸಿ ಅಮ್ಮಾ, ಮೊದಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಹುಡುಗಿಗೇ ಕಷ್ಟ.

ಚನ್ನಪಟ್ಟಣ: ಹೇಳಿದರೆ ಯಾರು ಒಪ್ಪುತ್ತಾರೆ? ಗಂಡಿನವರು ಅವರ ಶುಗರ್, ಬಿಪಿ ರಿಪೋರ್ಟ್ ತಂದು ತೋರಿಸುತ್ತಾರಾ?

ಬೆಂಗಳೂರು, ವಿಜಯನಗರ: ಎರಡೂ ಒಂದೇ ಅಲ್ಲ ಅಕ್ಕ.

ಚನ್ನಪಟ್ಟಣ: ನಿಮಗೆ ಮಗಳಿದ್ದಾಳಾ? ಇಲ್ಲದಿದ್ದರೆ ಸುಮ್ಮನಿರಿ.

ಶಿವಮೊಗ್ಗ: ಆರೋಗ್ಯ ವಿಮೆಯವರು ಇಟಿ ಎಂದ ಕೂಡಲೇ ಅರ್ಜಿ ತಿರಸ್ಕರಿಸಿದರು. ಏನಾದರೂ ದಾರಿ ಇದೆಯಾ?

ಗದಗ (6:05): ನಮಸ್ಕಾರ ರೀ ಮೇಡಂ. ಮನೆಯವರಿಗೆ 34. ಇಟಿ, ಜಾಕ್-2 ಪಾಸಿಟಿವ್, 9.1 ಲಕ್ಷ. ಅಸಿಡಿಟಿ ಎಂದು ಎಕೋಸ್ಪ್ರಿನ್ ಎರಡು ತಿಂಗಳಿಂದ ಬಿಟ್ಟಿದ್ದಾರೆ. ಆರು ದಿನದಿಂದ ತಲೆನೋವು. ವಾಸ್ತುಶಾಂತಿ ಇತ್ತು, ಓಡಾಟದಿಂದ ಇರಬೇಕು. ಮೈಗ್ರೇನ್ ಗುಳಿಗೆ ಕೊಟ್ಟರು, ಕಡಿಮೆ ಆಗಿಲ್ಲ. ತಲೆನೋವಿಗೆ ಬೇರೆ ಏನು ತೆಗೆದುಕೊಳ್ಳಬಹುದು?

ಮೈಸೂರು, ನಿವೃತ್ತ: ತಲೆನೋವಿಗೆ ಶುಂಠಿ ಅರೆದು ಹಣೆಗೆ ಹಚ್ಚಿ. ರಕ್ತ ತೆಳುವಾಗಲು ಹಸಿ ಬೆಳ್ಳುಳ್ಳಿ ನಾಲ್ಕು ಎಸಳು.

ಡಾಕ್ಟರ್: ಗದಗದವರು ಇಲ್ಲಿ ನೋಡಿ. ತಲೆನೋವು ಮಲಗಿದಾಗ, ಬೆಳಗಿನ ಜಾವ ಜಾಸ್ತಿಯೇ? ವಾಂತಿ ಇದೆಯೇ? ಕಣ್ಣು ಮಂಜಾಗುತ್ತದೆಯೇ? ವಾಸ್ತುಶಾಂತಿಗೆ ಮುಟ್ಟು ಮುಂದೆ ಹಾಕುವ ಗುಳಿಗೆ ತೆಗೆದುಕೊಂಡಿದ್ದರೇ?

ಮೈಸೂರು, ನಿವೃತ್ತ: ಬೆಳ್ಳುಳ್ಳಿಯಿಂದ ಯಾರಿಗೂ ಹಾನಿ ಆಗಿಲ್ಲ. ನಮ್ಮ ಪರಂಪರೆಯನ್ನು ಕೀಳಾಗಿ ನೋಡುವುದು ಈಗ ಫ್ಯಾಷನ್.

ಗದಗ: ಹೌದು ರೀ. ಹನ್ನೆರಡು ದಿನ ತೆಗೆದುಕೊಂಡರು. ಬೆಳಿಗ್ಗೆ ಏಳುವಾಗ ಜಾಸ್ತಿ. ನಿನ್ನೆಯಿಂದ ವಾಂತಿ. ಇವತ್ತು ಬಗ್ಗಿದರೆ ಕಣ್ಣು ಕತ್ತಲೆ ಬರುತ್ತದೆ ಎನ್ನುತ್ತಾರೆ.

ಡಾಕ್ಟರ್: ಈಗಲೇ ಹೊರಡಿ. ನಾಳೆ ಸೋಮವಾರ ಎಂದು ಕಾಯಬೇಡಿ. ಎಂಆರ್‌ಐ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಯಾಕೆ ಎಂದು ಹೇಳುತ್ತೇನೆ, ದಾರಿಯಲ್ಲಿ ಓದಿ. ಮಿದುಳಿನಿಂದ ರಕ್ತ ವಾಪಸ್ ಹೊರಡುವ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದರೆ ರಕ್ತ ಒಳಗೇ ನಿಂತು ತಲೆಯೊಳಗೆ ಒತ್ತಡ ಏರುತ್ತದೆ. ದಿನೇ ದಿನೇ ಏರುವ ತಲೆನೋವು, ಬೆಳಗಿನ ಹೊತ್ತು ಜಾಸ್ತಿ, ವಾಂತಿ, ಬಗ್ಗಿದಾಗ ಕಣ್ಣು ಕತ್ತಲೆ, ನೀವು ಬರೆದದ್ದೆಲ್ಲ ಅದಕ್ಕೆ ಹೊಂದುತ್ತದೆ. ಜಾಕ್-2 ಪಾಸಿಟಿವ್ ಇದ್ದವರಿಗೆ ಹೆಪ್ಪುಗಟ್ಟುವ ಭಯ ಮೊದಲೇ ಜಾಸ್ತಿ. ಮುಟ್ಟು ಮುಂದೂಡಲು ಸಾಮಾನ್ಯವಾಗಿ ಕೊಡುವ ನೊರೆಥಿಸ್ಟೆರೋನ್ ದೇಹದಲ್ಲಿ ಸ್ವಲ್ಪ ಭಾಗ ಈಸ್ಟ್ರೋಜನ್ ತರದ ಹಾರ್ಮೋನಾಗಿ ಬದಲಾಗುತ್ತದೆ. ಅದು ಆ ಭಯವನ್ನು ಇನ್ನಷ್ಟು ಏರಿಸುತ್ತದೆ. ಹಬ್ಬ, ಮದುವೆ ಎಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ನುಂಗುವ ಗುಳಿಗೆ ಇದು. ಕೊಡುವವರೂ ಕೇಳುವುದಿಲ್ಲ, ತೆಗೆದುಕೊಳ್ಳುವವರೂ ಹೇಳುವುದಿಲ್ಲ.

ಎಮರ್ಜೆನ್ಸಿಯಲ್ಲಿ ಬರೀ ತಲೆನೋವು ಎನ್ನಬೇಡಿ. "ಇಟಿ, ಜಾಕ್-2 ಪಾಸಿಟಿವ್, ಮುಟ್ಟು ಮುಂದೂಡುವ ಗುಳಿಗೆ ಹನ್ನೆರಡು ದಿನ ತೆಗೆದುಕೊಂಡಿದ್ದಾರೆ" ಎಂದು ಇದೇ ಮಾತಿನಲ್ಲಿ ಹೇಳಿ. ವೀನೋಗ್ರಾಂ, ಅಂದರೆ ಆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಬೇಕು ಎಂದು ಕೇಳಿ. ಬರೀ ಸಿಟಿ ಸ್ಕ್ಯಾನ್‌ನಲ್ಲಿ ಇದು ಕಾಣದೇ ಹೋಗಬಹುದು, ಅದು ನಾರ್ಮಲ್ ಎಂದು ಮನೆಗೆ ಬರಬೇಡಿ. ಗಾಬರಿಯಿಂದ ಈಗ ಎಕೋಸ್ಪ್ರಿನ್ ನುಂಗಿಸಬೇಡಿ, ಒಳಗೆ ರಕ್ತಸ್ರಾವ ಆಗಿದೆಯೋ ಇಲ್ಲವೋ ಮೊದಲು ನೋಡಬೇಕು. ಬೆಳ್ಳುಳ್ಳಿ, ಶುಂಠಿ ಏನೂ ಬೇಡ. ಹೆಪ್ಪುಗಟ್ಟಿದ್ದೇ ಆದರೆ ಇಂಜೆಕ್ಷನ್ ಇದೆ, ಬೇಗ ಸಿಕ್ಕಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ನನ್ನ ಊಹೆ ತಪ್ಪಾಗಲಿ. ಹೊರಟ ಕೂಡಲೇ ಒಂದು ಮಾತು ಬರೆಯಿರಿ.

ಮೈಸೂರು, ನಿವೃತ್ತ: ಹೀಗೆ ಹೆದರಿಸಿ ಸ್ಕ್ಯಾನ್ ಮಾಡಿಸುವುದೇ ಅಲೋಪತಿ ವ್ಯಾಪಾರ.

ಬೆಂಗಳೂರು, ವಿಜಯನಗರ: ಅಂಕಲ್, ಸಾಕು ಮಾಡಿ.

ಮೈಸೂರು, ನಿವೃತ್ತ: ನನಗೆ 71 ವರ್ಷ. ಮಾತು ನೋಡಿಕೊಂಡು ಆಡಿ.

ಡಾಕ್ಟರ್: ಸರ್, ಇನ್ನೊಂದು ಮನೆಮದ್ದು ಹಾಕಿದರೆ ನಾನು ಗ್ರೂಪ್ ಬಿಡುತ್ತೇನೆ. ಇದು ಆಯುರ್ವೇದದ ಬಗ್ಗೆ ಮಾತಲ್ಲ. ಕಲಿತ ವೈದ್ಯರು ನೋಡಿ ಕೊಡುವುದು ಬೇರೆ, ಯಾರೋ ಕಳಿಸಿದ್ದನ್ನು ಯಾರಿಗೋ ಕಳಿಸುವುದು ಬೇರೆ. ಗದಗ, ಹೊರಟಿರಾ?

ರಾಯಚೂರು: ಅಪ್ಪನಿಗೆ 67. ಕೌಂಟ್ ಇಳಿಸುವ ಮಾತ್ರೆ ಹೈಡ್ರಾಕ್ಸಿಯೂರಿಯಾ ಎರಡು ವರ್ಷದಿಂದ. ಉಗುರು ಕಪ್ಪಾಗಿದೆ. ಕಾಲಿನ ಹರಡಿನ ಹತ್ತಿರ ಹುಣ್ಣು, ಮೂರು ತಿಂಗಳಾದರೂ ಮಾಯುತ್ತಿಲ್ಲ. ಅರಿಶಿನ ಹಚ್ಚುತ್ತಿದ್ದೇವೆ.

ಡಾಕ್ಟರ್: ಉಗುರಿಗೆ ಹೆದರಬೇಡಿ. ಹುಣ್ಣು ಈ ವಾರವೇ ತೋರಿಸಿ. ಆ ಮಾತ್ರೆಯಿಂದಲೇ ಆಗಿರಬಹುದು, ಬದಲಿಸಬೇಕಾಗಬಹುದು. ನೀವಾಗಿ ನಿಲ್ಲಿಸಬೇಡಿ. ಹೊಲಕ್ಕೆ ಹೋಗುವಾಗ ತಲೆಗೆ ಟವೆಲ್, ಮೈತುಂಬ ಅಂಗಿ. ಬಿಸಿಲು ಆ ಚರ್ಮಕ್ಕೆ ಒಳ್ಳೆಯದಲ್ಲ.

ಮಂಗಳೂರು, 31: ನಾನೂ ಅದೇ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗು ಬೇಕು.

ಡಾಕ್ಟರ್: ಗರ್ಭ ನಿಲ್ಲುವ ಮೊದಲೇ ಬಂದು ಮಾತಾಡಿ. ಅದನ್ನು ನಿಲ್ಲಿಸಿ, ಬೇಕಿದ್ದರೆ ಇಂಟರ್‌ಫೆರಾನ್‌ಗೆ ಬದಲಿಸುತ್ತೇವೆ.

ಮಂಗಳೂರು, 31: ಇಂಟರ್‌ಫೆರಾನ್‌ಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಮೇಡಂ?

ಚಿತ್ರದುರ್ಗ: ಮೂಳೆಮಜ್ಜೆ ಟೆಸ್ಟ್, ಜೀನ್ ಟೆಸ್ಟ್ ಎಂದರು. ಕೂಲಿ ಮಾಡುವವರು ನಾವು.

ಡಾಕ್ಟರ್: ಬಿಪಿಎಲ್ ಕಾರ್ಡ್, ಆಧಾರ್ ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿಯಲ್ಲಿ ವಿಚಾರಿಸಿ. ಟೆಸ್ಟ್ ಬಿಡಬೇಡಿ. ಇಟಿ ಎನ್ನುವ ಮೊದಲು ಬೇರೆ ರಕ್ತದ ಕಾಯಿಲೆ ಅಲ್ಲ ಎಂದು ಖಾತ್ರಿ ಆಗಬೇಕು, ಅವುಗಳ ಔಷಧಿಯೇ ಬೇರೆ.

ಹಾವೇರಿ: ಎಕೋಸ್ಪ್ರಿನ್ ತೆಗೆದುಕೊಂಡರೂ ಕೌಂಟ್...

ಡಾಕ್ಟರ್: ಮೇಲೆ.

ಹಾವೇರಿ: ಸ್ವಲ್ಪ ಸಮಾಧಾನವಾಗಿ ಹೇಳಬಹುದಲ್ವಾ ಮೇಡಂ. ನಾವೂ ರೋಗಿಗಳೇ.

ಶಿರಸಿ: ಗಂಡಿನ ಕಡೆಯವರಿಗೆ ಹೇಳುವ ವಿಷಯಕ್ಕೆ ಮೇಡಂ ಉತ್ತರಿಸಲಿಲ್ಲ.

ಅಡ್ಮಿನ್ (7:10): ಸಮಯ ಮುಗಿಯಿತು. ಮೇಡಂಗೆ ಧನ್ಯವಾದ. ಮೈಸೂರಿನ ಹಿರಿಯರು ಗ್ರೂಪ್ ಬಿಟ್ಟು ಹೋಗಿದ್ದಾರೆ, ದಯವಿಟ್ಟು ಆ ಚರ್ಚೆ ಮುಂದುವರಿಸಬೇಡಿ.

ಡಾಕ್ಟರ್ (7:12): ಗದಗದವರು ಎಲ್ಲಿದ್ದೀರಿ?

ಡಾಕ್ಟರ್ (7:40): ಗದಗದವರ ನಂಬರ್ ಯಾರ ಹತ್ತಿರವಾದರೂ ಇದ್ದರೆ ಫೋನ್ ಮಾಡಿ.

ಗದಗ (9:20): ಮೇಡಂ, ಹುಬ್ಬಳ್ಳಿಗೆ ಬಂದಿದ್ದೇವೆ. ದಾರಿಯಲ್ಲಿ ಎರಡು ಸಲ ವಾಂತಿ ಆಯಿತು. ನೀವು ಬರೆದದ್ದನ್ನೇ ಫೋನಿನಲ್ಲಿ ತೋರಿಸಿದೆ. ಈಗ ಸ್ಕ್ಯಾನ್‌ಗೆ ಒಳಗೆ ಕರೆದುಕೊಂಡು ಹೋದರು. ಬಳೆ, ತಾಳಿ, ಕಾಲುಂಗುರ ಬಿಚ್ಚಿಸಿ ನನ್ನ ಕೈಗೆ ಕೊಟ್ಟಿದ್ದಾರೆ.

ಡಾಕ್ಟರ್ (9:21): ಒಳ್ಳೆಯದು ಮಾಡಿದಿರಿ. ರಿಪೋರ್ಟ್ ಬಂದ ಕೂಡಲೇ ನನಗೆ ನೇರವಾಗಿ ಕಳಿಸಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.