ಲೋಕಲ್ ರೈಲಿನಲ್ಲಿ ಮಗಳು ಪ್ರಜ್ಞೆ ತಪ್ಪಿದಳು, ಇಸಿಜಿ ಸರಿಯಿದೆ: ಹಾಗಾದರೆ ಏನಾಯಿತು?

ಪ್ರಶ್ನೆ: ಡೊಂಬಿವಲಿಯಿಂದ ಒಬ್ಬ ತಾಯಿ

ನನ್ನ ಮಗಳು ಮುಂಬೈಯ ದಾದರಿನ ಕಾಲೇಜಿಗೆ ದಿನವೂ ಫಾಸ್ಟ್ ಲೋಕಲ್‌ನಲ್ಲಿ ಹೋಗುತ್ತಾಳೆ. ಕಳೆದ ವಾರ ಮಹಿಳಾ ಡಬ್ಬಿಯಲ್ಲಿ ನಿಂತಿದ್ದಾಗ, ಠಾಣೆ ದಾಟಿದ ಮೇಲೆ, ಆಕಳಿಕೆ ಬಂದು, ಹೊಟ್ಟೆ ತೊಳಸಿ, ಮೈ ತಣ್ಣಗೆ ಬೆವರಿ ಕಣ್ಣು ಕತ್ತಲಿಟ್ಟಿತು. ಬೀಳಲು ಜಾಗವಿರಲಿಲ್ಲ. ಸುತ್ತಲಿನ ಹೆಂಗಸರು ತೋಳು ಹಿಡಿದು ನಿಲ್ಲಿಸಿಕೊಂಡರು. ಎಚ್ಚರವಾದಂತಾಗಿ ಮತ್ತೆ ಪ್ರಜ್ಞೆ ತಪ್ಪಿತು. ಅಲ್ಲಿದ್ದ ನರ್ಸ್ ಒಬ್ಬರು ನಾಡಿ ಬಹಳ ನಿಧಾನವಾಗಿದೆ ಎಂದರಂತೆ. ಘಾಟ್‌ಕೋಪರ್‌ನಲ್ಲಿ ಇಳಿಸಿ ಬೆಂಚಿನ ಮೇಲೆ ಮಲಗಿಸಿದ್ದೇ ತಡ, ಕಣ್ಣು ಬಿಟ್ಟಳು. ಇಸಿಜಿ, ರಕ್ತ ಪರೀಕ್ಷೆ ಎಲ್ಲವೂ ಸರಿಯಿವೆ. ಗಾಬರಿಯಾದರೆ ಎದೆ ಜೋರಾಗಿ ಹೊಡೆದುಕೊಳ್ಳಬೇಕಲ್ಲವೇ? ನಾಡಿ ನಿಧಾನವಾದದ್ದು ಏಕೆ?

ಉತ್ತರ: ಪುಣೆಯಿಂದ, ನಿವೃತ್ತ ಶರೀರಕ್ರಿಯಾಶಾಸ್ತ್ರ ಅಧ್ಯಾಪಕ

ತಂಗಿ, ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಹೃದಯ ಕೆಟ್ಟಂತಿಲ್ಲ. ಅದಕ್ಕೆ ಬಂದ ಅಪ್ಪಣೆ ಆ ಕ್ಷಣಕ್ಕೆ ತಿರುಗುಮುರುಗಾಗಿದೆ.

ನಾವು ಎದ್ದು ನಿಂತೊಡನೆ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ನಾಳಗಳಿಗೆ ಇಳಿಯುತ್ತದೆ. ಕುತ್ತಿಗೆಯ ಕೆರೋಟಿಡ್ ಧಮನಿಯಲ್ಲೂ ಮಹಾಧಮನಿಯ ಕಮಾನಿನಲ್ಲೂ ರಕ್ತದ ಒತ್ತಡವನ್ನು ಅರಿಯುವ ನರತುದಿಗಳಿವೆ. ಅವು ಮೆದುಳಿನ ಬುಡದ ಮೆಡುಲ್ಲಾಕ್ಕೆ ಸುದ್ದಿ ಮುಟ್ಟಿಸುತ್ತವೆ. ಕೂಡಲೇ, ನಮ್ಮ ಗಮನಕ್ಕೆ ಬಾರದೆ ತಾನಾಗಿ ಕೆಲಸ ಮಾಡುವ ಸ್ವನಿಯಂತ್ರಿತ ನರವ್ಯೂಹದ ಎರಡೂ ಕವಲುಗಳು ಸ್ಪಂದಿಸುತ್ತವೆ. ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಬಿಗಿಯುತ್ತವೆ. ಪ್ಯಾರಾಸಿಂಪಥೆಟಿಕ್ ಕವಲಿನ ವೇಗಸ್ ನರ ಹೃದಯದ ಮೇಲಿನ ಹಿಡಿತ ಸಡಿಲಿಸುತ್ತದೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಬಾರಿ ಬಡಿಯುತ್ತದೆ. ಅದನ್ನು 70ರ ಆಸುಪಾಸಿನಲ್ಲಿ ಹಿಡಿದಿಟ್ಟಿರುವುದು ವೇಗಸ್. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಈ ನರ ತುಂಡಾಗಿರುವುದರಿಂದ ಸುಮ್ಮನೆ ಕುಳಿತಾಗಲೂ ನಾಡಿ 90ರಿಂದ 110ರವರೆಗೆ ಇರುತ್ತದೆ.

ಈಗ ನಿಮ್ಮ ಮಗಳ ಡಬ್ಬಿಗೆ ಬನ್ನಿ. ಸೆಕೆಗೆ ಚರ್ಮದ ರಕ್ತನಾಳಗಳು ಹಿಗ್ಗಿವೆ. ಕಾಲು ಅಲ್ಲಾಡಿಸಲು ಜಾಗವಿಲ್ಲದೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತಿಲ್ಲ. ಬಹುಶಃ ಹೊಟ್ಟೆಯೂ ಖಾಲಿ. ಇಂಥ ಹೊತ್ತಿನಲ್ಲಿ ಕೆಲವರಲ್ಲಿ ಇಡೀ ಕ್ರಿಯೆ ಮಗುಚಿಕೊಳ್ಳುತ್ತದೆ. ಸಿಂಪಥೆಟಿಕ್ ನರಗಳು ರಕ್ತನಾಳಗಳ ಬಿಗಿಯನ್ನು ಥಟ್ಟನೆ ಬಿಟ್ಟುಬಿಡುತ್ತವೆ, ವೇಗಸ್ ಹೃದಯವನ್ನು ಇನ್ನಷ್ಟು ತಡೆಯುತ್ತದೆ. ಒತ್ತಡ ಕುಸಿದು ಮೆದುಳಿಗೆ ರಕ್ತ ಸಾಲದಾಗುತ್ತದೆ. ಇದಕ್ಕೆ ವೇಸೋವೇಗಲ್ ಮೂರ್ಛೆ ಎನ್ನುತ್ತಾರೆ. ಬ್ರಿಟನ್ನಿನ ಹೃದ್ರೋಗ ತಜ್ಞ ಥಾಮಸ್ ಲೂಯಿಸ್ 1932ರಲ್ಲಿ ಇದರ ಬಗ್ಗೆ ಬರೆದರು. ಅಟ್ರೋಪಿನ್ ಎಂಬ ಔಷಧ ಕೊಟ್ಟು ವೇಗಸ್ಸನ್ನು ತಡೆದಾಗ ನಾಡಿ ಏರಿತು, ಒತ್ತಡ ಮಾತ್ರ ತಗ್ಗಿಯೇ ಇತ್ತು. ಅಂದರೆ ನಾಡಿ ನಿಧಾನವಾಗುವುದಕ್ಕಿಂತ ರಕ್ತನಾಳಗಳು ಸಡಿಲವಾಗುವುದೇ ದೊಡ್ಡ ಕಾರಣ. ಇನ್ನು ತಣ್ಣನೆಯ ಬೆವರು ಸಿಂಪಥೆಟಿಕ್ ನರಗಳದ್ದೇ ಕೆಲಸ. ಎರಡು ಕವಲುಗಳು ತಕ್ಕಡಿಯ ತಟ್ಟೆಗಳಂತೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಮೈ ಅಷ್ಟು ಸರಳವಾಗಿಲ್ಲ.

ನನಗೆ ಕಳವಳ ತರುವುದು ಆ ಹೆಂಗಸರ ಅಕ್ಕರೆ. ಮೂರ್ಛೆ ಹೋದವರನ್ನು ದಯವಿಟ್ಟು ನಿಲ್ಲಿಸಿ ಹಿಡಿಯಬೇಡಿ, ಕೂರಿಸಲೂ ಬೇಡಿ. ಮಲಗಿಸಿದರೆ ಕಾಲಿನ ರಕ್ತ ತಾನಾಗಿ ಎದೆಗೆ ಮರಳುತ್ತದೆ, ಕಾಲೆತ್ತಿ ಹಿಡಿದರೆ ಇನ್ನೂ ಬೇಗ. ನೆಟ್ಟಗೆ ನಿಲ್ಲಿಸಿದ್ದರಿಂದಲೇ ಅವಳಿಗೆ ಎರಡನೆಯ ಸಲವೂ ಪ್ರಜ್ಞೆ ತಪ್ಪಿರಬೇಕು. ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕುವುದಂತೂ ಅಪಾಯ, ಶ್ವಾಸನಾಳಕ್ಕೆ ಹೋಗಬಹುದು.

ಓಡುವಾಗ ಅಥವಾ ಮಲಗಿದ್ದಾಗ ಪ್ರಜ್ಞೆ ತಪ್ಪಿದರೆ, ಅದಕ್ಕೆ ಮುನ್ನ ಎದೆನೋವು ಬಂದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ಮಾತ್ರ ಹೃದ್ರೋಗ ತಜ್ಞರನ್ನು ತಡಮಾಡದೆ ಕಾಣಿ.

ಮಡಗಾಂವ್‌ನಿಂದ

ಸರ್, ನಮ್ಮ ತಂದೆಗೆ ಹಳೆಯ ಸಕ್ಕರೆ ಕಾಯಿಲೆ. ಹಾಸಿಗೆಯಿಂದ ಎದ್ದೊಡನೆ ತೂರಾಡುತ್ತಾರೆ. ಅದೂ ಇದೇ ಏನು?

ಪುಣೆಯಿಂದ

ಅಲ್ಲದಿರಬಹುದು. ಮಧುಮೇಹ ವರ್ಷಾನುಗಟ್ಟಲೆ ಇದ್ದರೆ ಈ ನರಗಳೇ ಸವೆಯಬಹುದು. ಆಗ ನಾಳಗಳನ್ನು ಬಿಗಿಯುವ ಸುದ್ದಿ ತಲುಪುವುದೇ ಇಲ್ಲ. ಮಲಗಿದ್ದಾಗ ಒಮ್ಮೆ, ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆ, ಪ್ರಾಸ್ಟೇಟಿನ ಮಾತ್ರೆಗಳಿಂದಲೂ ಹೀಗಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ.

ಡೊಂಬಿವಲಿಯಿಂದ

ಸರ್, ರೈಲಿನಲ್ಲಿ ಶೌಚಾಲಯವಿಲ್ಲವೆಂದು ಅವಳು ಬೆಳಿಗ್ಗೆ ನೀರನ್ನೇ ಕುಡಿಯುವುದಿಲ್ಲ. ಮತ್ತೆ ಒಬ್ಬಳನ್ನೇ ಕಳುಹಿಸಬಹುದೇ?

ಪುಣೆಯಿಂದ

ಕಳುಹಿಸಿ. ಆದರೆ ಹೊರಡುವ ಮುನ್ನ ಎರಡು ಲೋಟ ನೀರು, ಒಂದಿಷ್ಟು ತಿಂಡಿ ಆಗಲೇಬೇಕು. ಆಕಳಿಕೆ, ವಾಕರಿಕೆ ಶುರುವಾದ ಕೂಡಲೇ ನಿಂತಲ್ಲೇ ಕಾಲಿನ ಮೇಲೆ ಕಾಲು ಅಡ್ಡ ಹಾಕಿ ತೊಡೆ, ಪೃಷ್ಠ ಬಿಗಿಹಿಡಿಯಲಿ, ಎರಡೂ ಕೈಗಳನ್ನು ಹೆಣೆದು ಜೋರಾಗಿ ಎಳೆಯಲಿ. ರಕ್ತ ಮೇಲಕ್ಕೇರಿ ಒತ್ತಡ ಕೂಡಲೇ ಹೆಚ್ಚುತ್ತದೆ. ಅದಕ್ಕೂ ಬಗ್ಗದಿದ್ದರೆ ಡಬ್ಬಿಯ ನೆಲದ ಮೇಲೆಯೇ ಕುಳಿತು ತಲೆ ತಗ್ಗಿಸಲಿ. ಸಂಕೋಚ ಬೇಡವೆಂದು ಅವಳಿಗೆ ನೀವೇ ಹೇಳಿ.