ಚಂಡಮಾರುತದ ಮುನ್ಸೂಚನೆ ಬಂದಾಗ ಯಾವ ಅಂಕಿ ನೋಡಬೇಕು, ಎಷ್ಟು ಹೊತ್ತಿಗೆ ಕೆಲಸ ಮುಗಿಸಬೇಕು?

ಪ್ರಶ್ನೆ

ಸಮುದ್ರದಿಂದ ಎರಡು ಕಿ.ಮೀ. ಒಳಗೆ, ತಗಡಿನ ಶೀಟು ಹೊದಿಸಿದ ಮನೆ. ಚಂಡಮಾರುತದ ಮುನ್ಸೂಚನೆ ಬಂದಾಗಲೆಲ್ಲ ಕಾಣೋದು ಮೂರೇ: ನಕ್ಷೆಯಲ್ಲಿ ಒಂದು ಗೆರೆ, ಅದರ ಸುತ್ತ ಮುಂದೆ ಹೋದಂತೆ ಅಗಲವಾಗುವ ಪಟ್ಟೆ, ಮತ್ತೆ ‘ಗಂಟೆಗೆ 110 ಕಿ.ಮೀ.’ ಅನ್ನೋ ಥರದ ಒಂದು ಅಂಕಿ. ಇದರಿಂದ ಮನೆಗೆ ಏನು ಬರುತ್ತೆ, ಯಾವಾಗ ಬರುತ್ತೆ ಅಂತ ಲೆಕ್ಕ ಹಾಕೋದು ಹೇಗೆ? ಮಾಡಿನ ಮೇಲೆ ಕಲ್ಲು ಹೇರಿದರೆ ಸಾಕಾ? ಗೊತ್ತಿರೋರು ಬಿಡಿಸಿ ಹೇಳಿ.

ಉತ್ತರ 1

ಗಡುವಿನಿಂದ ಶುರು ಮಾಡೋಣ, ಹೆಚ್ಚಿನವರು ಎಡವೋದು ಅಲ್ಲೇ. ‘ಮಧ್ಯರಾತ್ರಿ ದಡಕ್ಕೆ ಅಪ್ಪಳಿಸಲಿದೆ’ ಅಂದರೆ ಆ ಹೊತ್ತಿಗೆ ದಡ ಮುಟ್ಟೋದು ಚಂಡಮಾರುತದ ನಡುಬಿಂದು. ಗಾಳಿ ಅದಕ್ಕಿಂತ ಎಷ್ಟೋ ಮೊದಲೇ ಬಂದಿರುತ್ತೆ. ಬುಲೆಟಿನ್‌ನಲ್ಲಿ ಇನ್ನೆರಡು ಅಂಕಿ ಹುಡುಕಿ. 34 ನಾಟ್, ಅಂದರೆ ಗಂಟೆಗೆ 63 ಕಿ.ಮೀ. ಗಾಳಿ ನಡುಬಿಂದುವಿನಿಂದ ಎಷ್ಟು ದೂರದವರೆಗೆ ಹರಡಿದೆ ಅನ್ನೋದು ಒಂದು. ಇಡೀ ಚಂಡಮಾರುತ ಯಾವ ವೇಗದಲ್ಲಿ ಮುಂದೆ ಸಾಗ್ತಿದೆ ಅನ್ನೋದು ಇನ್ನೊಂದು.

ಗಾಳಿ 250 ಕಿ.ಮೀ. ಹರಡಿದೆ, ಚಂಡಮಾರುತ ಗಂಟೆಗೆ 20 ಕಿ.ಮೀ. ಸಾಗ್ತಿದೆ ಅಂತಿಟ್ಟುಕೊಳ್ಳಿ. 250ನ್ನು 20ರಿಂದ ಭಾಗಿಸಿದರೆ ಹನ್ನೆರಡೂವರೆ ಗಂಟೆ. ಮಧ್ಯರಾತ್ರಿಯ ಚಂಡಮಾರುತದ ಗಾಳಿ ಬೆಳಗ್ಗೆ 11.30ಕ್ಕೇ ಮನೆ ಮೇಲೆ! ಅದಕ್ಕೂ ಮೊದಲೇ ಹೊರಸುತ್ತಿನ ಮಳೆಪಟ್ಟಿಗಳು ಬಿಟ್ಟು ಬಿಟ್ಟು ಬಂದು, ಪ್ರತಿ ಸಲವೂ ಗಾಳಿ ದಿಢೀರನೆ ಏರುತ್ತೆ. ಹಾಗಾಗಿ ಏಣಿ ಹತ್ತೋ ಕೆಲಸ ಹಿಂದಿನ ದಿನ ಸಂಜೆಗೇ ಮುಗಿದಿರಬೇಕು. ಹರಡಿದ ದೂರವನ್ನು ಸಾಮಾನ್ಯವಾಗಿ ಈಶಾನ್ಯ, ಆಗ್ನೇಯ, ನೈರುತ್ಯ, ವಾಯವ್ಯ ಅಂತ ನಾಲ್ಕು ಭಾಗ ಮಾಡಿ ಕೊಟ್ಟಿರುತ್ತಾರೆ. ಸರಾಸರಿ ತೆಗೀಬೇಡಿ, ನಿಮ್ಮ ಕಡೆಯದನ್ನೇ ತಗೊಳ್ಳಿ.

ಅಗಲವಾಗುವ ಪಟ್ಟೆ ಚಂಡಮಾರುತದ ಗಾತ್ರ ಅಲ್ಲವೇ ಅಲ್ಲ. ನಡುಬಿಂದು ಎಲ್ಲೆಲ್ಲಿ ಹೋಗಬಹುದು ಅನ್ನೋ ಅಂದಾಜು ಅಷ್ಟೆ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ ನಕ್ಷೆಯಲ್ಲಿ ಮೂರರಲ್ಲಿ ಸುಮಾರು ಎರಡು ಸಲ ಮಾತ್ರ ನಡುಬಿಂದು ಪಟ್ಟೆಯೊಳಗೆ ಉಳಿಯುತ್ತೆ. ಪಟ್ಟೆಯ ಹೊರಗಿದ್ದೀವಿ ಅಂತ ನಿಶ್ಚಿಂತೆಯಿಂದ ಕೂರೋ ಹಾಗಿಲ್ಲ.

ಉತ್ತರ 2

ಮೇಲಿನ ಲೆಕ್ಕ ಸರಿ, ಆದರೆ ಆ 110 ಅನ್ನೋದು ಯಾವ 110 ಅಂತಲೂ ಕೇಳಿಕೊಳ್ಳಿ. ಅಮೆರಿಕದವರು ಒಂದು ನಿಮಿಷದ ಸರಾಸರಿ ಹೇಳ್ತಾರೆ, ಭಾರತದ ಹವಾಮಾನ ಇಲಾಖೆ ಮೂರು ನಿಮಿಷದ್ದು, ಜಪಾನ್, ಆಸ್ಟ್ರೇಲಿಯಾದವರು ಹತ್ತು ನಿಮಿಷದ್ದು. ಒಂದೇ ಚಂಡಮಾರುತಕ್ಕೆ ಎರಡು ಕಡೆ ಎರಡು ಅಂಕಿ ಕಂಡರೆ ಗಾಬರಿ ಬೇಡ, ಯಾರೂ ಸುಳ್ಳು ಹೇಳ್ತಿಲ್ಲ. ಯಾವ ಸರಾಸರಿಯಾದರೂ ಬೀಸುಗಾಳಿಯ ಹೊಡೆತ ಅದಕ್ಕಿಂತ ಕಾಲು ಭಾಗವೋ ಇನ್ನೂ ಹೆಚ್ಚೋ ಇರುತ್ತೆ. ಮಾಡು ಕೀಳೋದು ಸರಾಸರಿ ಅಲ್ಲ, ಆ ಹೊಡೆತ.

ಇನ್ನು, ಅಂಕಿ ರಾತ್ರಿ ಬೆಳಗಾಗೋದರಲ್ಲಿ ಬದಲಾಗೋದು ಯಾಕೆ? ಚಂಡಮಾರುತಕ್ಕೆ ಮೇವು ಬೆಚ್ಚಗಿನ ಸಮುದ್ರ. ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಇರಬೇಕು, ಅದೂ ಬರೀ ಮೇಲ್ಪದರದಲ್ಲಲ್ಲ, ಸುಮಾರು 50 ಮೀಟರ್ ಆಳದವರೆಗೆ. ಮೇಲಷ್ಟೇ ಬೆಚ್ಚಗಿದ್ದರೆ ಚಂಡಮಾರುತವೇ ನೀರು ಕಲಕಿ ಕೆಳಗಿನ ತಣ್ಣೀರನ್ನು ಮೇಲೆ ತಂದು ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತೆ. ಎರಡನೆಯದು, ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕು-ವೇಗ ಹೆಚ್ಚು ಬದಲಾಗಬಾರದು. ಬದಲಾದರೆ ಮೋಡದ ಗೋಪುರ ವಾಲಿ, ಮೇಲಿನ ಬಿಸಿ ಕೆಳಗಿನ ಸುಳಿಯ ನೆತ್ತಿಯಿಂದ ಪಕ್ಕಕ್ಕೆ ಸರಿಯುತ್ತೆ. ಬುಲೆಟಿನ್‌ನಲ್ಲಿ ‘ವಿಂಡ್ ಶಿಯರ್’ ಅನ್ನೋದು ಇದನ್ನೇ. ಮೂರನೆಯದು, ನಡುಮಟ್ಟದ ಗಾಳಿ ಒಣಗಿರಬಾರದು. ಸಮಭಾಜಕಕ್ಕೆ ತೀರಾ ಹತ್ತಿರ, ಸುಮಾರು 5 ಡಿಗ್ರಿಯೊಳಗೆ, ಭೂಮಿಯ ತಿರುಗುವಿಕೆಯ ಪರಿಣಾಮ ಸಾಲದೆ ಸುಳಿ ಕಟ್ಟೋದು ಬಲು ಅಪರೂಪ.

ಬೆಚ್ಚಗಿನ ಆಳದ ನೀರಿದ್ದು, ಶಿಯರ್ ಕಡಿಮೆ ಅಂತ ಬುಲೆಟಿನ್ ಹೇಳಿದ ದಿನ ಇವತ್ತಿನ ಅಂಕಿ ನಂಬಬೇಡಿ. 24 ಗಂಟೆಯಲ್ಲಿ ಗಾಳಿ 30 ನಾಟ್ (55 ಕಿ.ಮೀ.) ಏರಿದರೆ ಅದನ್ನು ಕ್ಷಿಪ್ರ ತೀವ್ರತೆ ಅಂತಾರೆ. 2023ರ ಅಕ್ಟೋಬರ್‌ನಲ್ಲಿ ‘ಓಟಿಸ್’ ಒಂದು ದಿನದೊಳಗೆ ಸಾಧಾರಣ ಚಂಡಮಾರುತದಿಂದ ಐದನೇ ವರ್ಗಕ್ಕೆ (ಗಾಳಿಯ ವೇಗ ನೋಡಿ ಅಮೆರಿಕದವರು ಕೊಡುವ ಒಂದರಿಂದ ಐದರ ಶ್ರೇಣಿಯಲ್ಲಿ ಅತಿ ಮೇಲಿನದು) ಏರಿ ಮೆಕ್ಸಿಕೊದ ಅಕಾಪುಲ್ಕೊ ಬಳಿ ಅಪ್ಪಳಿಸಿತು. ಮುನ್ಸೂಚನೆಯ ಮಾದರಿಗಳಿಗೇ ಅದು ಸಿಕ್ಕಿರಲಿಲ್ಲ. ಹೇಳಿದ್ದಕ್ಕಿಂತ ಒಂದು ವರ್ಗ ಹೆಚ್ಚು ಅಂತಲೇ ತಯಾರಿ ಮಾಡೋದು ಕ್ಷೇಮ.

ಉತ್ತರ 3

ಎಲ್ಲರೂ ಗಾಳಿಯದ್ದೇ ಹೇಳ್ತಿದ್ದೀರಿ. ಸಮುದ್ರದಿಂದ ಎರಡು ಕಿ.ಮೀ. ಅಂದಮೇಲೆ ಇವರು ಮೊದಲು ಕೇಳಬೇಕಾದ್ದು ನೀರಿನ ಮಾತು. ನಿಮ್ಮ ಅಂಗಳ ಸಮುದ್ರಮಟ್ಟಕ್ಕಿಂತ ಎಷ್ಟು ಮೀಟರ್ ಮೇಲಿದೆ? ಅದು ಗೊತ್ತಿಲ್ಲದೆ ಮಿಕ್ಕ ಲೆಕ್ಕವೆಲ್ಲ ದಂಡ.

ಚಂಡಮಾರುತದ ನಡುವೆ ಗಾಳಿಯ ಒತ್ತಡ ಒಂದು ಹೆಕ್ಟೊಪಾಸ್ಕಲ್ (ಬುಲೆಟಿನ್‌ನಲ್ಲಿ ಒತ್ತಡ ಹೇಳುವ ಅಳತೆ) ಇಳಿದರೆ ಸಮುದ್ರ ಸುಮಾರು ಒಂದು ಸೆಂ.ಮೀ. ಉಬ್ಬುತ್ತೆ. 50 ಇಳಿದರೂ ಅರ್ಧ ಮೀಟರ್ ಅಷ್ಟೆ. ಉಳಿದದ್ದೆಲ್ಲ ಗಾಳಿ ನೀರನ್ನು ದಡದತ್ತ ದಬ್ಬಿದ್ದರಿಂದ ಬರೋದು. ದಡದ ಮುಂದಿನ ಕಡಲತಳ ಆಳವಿಲ್ಲದೆ ದೂರದವರೆಗೆ ಚಾಚಿದ್ದರೆ, ಅಥವಾ ದಡ ಆಲಿಕೆಯ ಆಕಾರದಲ್ಲಿ ಒಳಬಾಗಿದ್ದರೆ, ನೀರಿಗೆ ಹಿಂದೆ ಸರಿಯಲು ಜಾಗ ಸಿಗದೆ ಏರುತ್ತೆ. ಅದಕ್ಕೇ ವರ್ಗದ ಸಂಖ್ಯೆ ನೋಡಿ ನೀರಿನ ಎತ್ತರ ಊಹಿಸಬೇಡಿ. 2005ರಲ್ಲಿ ‘ಕತ್ರಿನಾ’ ದಡ ಮುಟ್ಟುವಾಗ ಮೂರನೇ ವರ್ಗಕ್ಕೆ ಇಳಿದಿತ್ತು, ಆದರೂ ಮಿಸಿಸಿಪ್ಪಿ ತೀರದಲ್ಲಿ ನೀರು 8 ಮೀಟರ್ ದಾಟಿತು. ಚಂಡಮಾರುತ ಹಿರಿದಾಗಿತ್ತು, ತೀರದ ಕಡಲು ಆಳವಿರಲಿಲ್ಲ.

ಮುನ್ಸೂಚನೆಯ ಎತ್ತರ ಯಾವುದರ ಮೇಲಿನದು ಅಂತ ಓದಿ: ‘ಖಗೋಳ ಉಬ್ಬರದ ಮೇಲೆ’ (ಚಂದ್ರ-ಸೂರ್ಯರ ಸೆಳೆತದಿಂದ ದಿನವೂ ಬರೋ ಉಬ್ಬರದ ಮೇಲೆ) ಅಂತಿದ್ದರೆ ಆ ಹೊತ್ತಿನ ಉಬ್ಬರ ಕೂಡಿಸಬೇಕು, ‘ನೆಲಮಟ್ಟದ ಮೇಲೆ’ ಅಂತಿದ್ದರೆ ಬೇಡ. ಅಲೆಗಳ ಎತ್ತರ ಇದರಲ್ಲಿ ಸಾಮಾನ್ಯವಾಗಿ ಸೇರಿರೋದಿಲ್ಲ. ಒಂದು ಘನ ಮೀಟರ್ ನೀರು ಒಂದು ಟನ್. ಹರಿಯುವ ನೀರು 15 ಸೆಂ.ಮೀ. ಇದ್ದರೆ ಆಳು ಜಾರಿ ಬೀಳ್ತಾನೆ, 30ಕ್ಕೆ ಸಣ್ಣ ಕಾರು ತೇಲಿ ಹೋಗಬಹುದು. ಗಾಳಿಗೆ ಅಡಗಿ ಕೂರಬಹುದು, ನೀರಿನ ಮುಂದೆ ಆ ಆಟ ನಡೆಯೋಲ್ಲ. ಅಂಗಳ ಮುಳುಗುತ್ತೆ ಅಂತಾದರೆ ಮಾಡಿನ ಬೋಲ್ಟು ಬಿಗಿಯುತ್ತ ಕೂರಬೇಡಿ, ಜಾಗ ಬಿಡಿ.

ನಿಧಾನವಾಗಿ ಸಾಗುವ ಚಂಡಮಾರುತ ಇನ್ನೊಂದು ಪೀಡೆ. 2017ರ ‘ಹಾರ್ವೆ’ ಟೆಕ್ಸಸ್ ಮೇಲೆ ದಿನಗಟ್ಟಲೆ ಸುಳಿದಾಡಿ ಒಂದು ಕಡೆ 1,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಸಿತು. ಆ ಹೊತ್ತಿಗೆ ಅದರ ಗಾಳಿ ಬಹುಪಾಲು ಕುಂದಿತ್ತು.

ಉತ್ತರ 4

ಮಾಡಿನ ಪ್ರಶ್ನೆಗೆ ಕಟ್ಟಡದ ಕಡೆಯಿಂದ ಉತ್ತರ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ತಗೊಂಡು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.613ರಿಂದ ಗುಣಿಸಿದರೆ ಚದರ ಮೀಟರಿಗೆ ಒತ್ತಡ ಇಷ್ಟು ನ್ಯೂಟನ್ ಅಂತ ಸಿಗುತ್ತೆ. ಗಂಟೆಗೆ 144 ಕಿ.ಮೀ.ನ ಬೀಸು ಅಂದರೆ ಸೆಕೆಂಡಿಗೆ 40 ಮೀಟರ್. 1,600 ಗುಣಿಸು 0.613, ಸುಮಾರು 981 ನ್ಯೂಟನ್. ಚದರ ಮೀಟರಿಗೆ ನೂರು ಕೆ.ಜಿ. ಮೇಲಕ್ಕೆ ಎಳೆದಂತೆ. ಸೂರಿನ ಅಂಚು, ಮೂಲೆಗಳಲ್ಲಿ ಗಾಳಿ ಕಿತ್ತುಕೊಂಡು ಸುಳಿಯೋದರಿಂದ ಎಳೆತ ಅದರ ದುಪ್ಪಟ್ಟೂ ಆಗಬಹುದು. ಶೀಟಿನ ತೂಕವೋ ಚದರ ಮೀಟರಿಗೆ ಬರೀ ಐದು ಕೆ.ಜಿ.ಯ ಆಸುಪಾಸು.

ಈಗ ಕಲ್ಲು ಹೇರೋ ಲೆಕ್ಕ ನೀವೇ ಹಾಕಿ. ಚದರ ಮೀಟರಿಗೆ ನೂರು ಕೆ.ಜಿ. ಹೇರಿದರೆ ಗಾಳಿ ಬರೋ ಮೊದಲೇ ರೀಪು (ಶೀಟಿನ ಕೆಳಗಿನ ಅಡ್ಡಪಟ್ಟಿ) ಮುರಿಯುತ್ತೆ. ಹತ್ತಿಪ್ಪತ್ತು ಕೆ.ಜಿ. ಹೇರಿದರೆ ಶೀಟು ಎದ್ದಾಗ ಕಲ್ಲು ಉರುಳಿ ಯಾರದೋ ತಲೆ ಮೇಲೆ.

ಶೀಟು ಹಾರೋದು ತೂಕ ಸಾಲದೆ ಅಲ್ಲ, ಜೋಡಣೆ ಸೋತು. ಗಾಳಿ ಎತ್ತಿ ಬಿಟ್ಟು ಮಾಡಿದಾಗ ಸ್ಕ್ರೂ ತಲೆಯ ಸುತ್ತ ತಗಡು ಬಿರುಕು ಬಿಟ್ಟು, ಸ್ಕ್ರೂ ಅಲ್ಲೇ ಉಳಿದು ಶೀಟು ಹೊರಡುತ್ತೆ. ಒಂದು ಶೀಟು ಹೋದ ಕಿಂಡಿಯಿಂದ ಗಾಳಿ ಒಳನುಗ್ಗಿ ಉಳಿದವನ್ನು ಒಳಗಿನಿಂದ ದಬ್ಬುತ್ತೆ. ಹಾಗಾಗಿ ಸೂರು, ಮಾಡಿನ ನೆತ್ತಿ, ಪಕ್ಕದ ಅಂಚುಗಳಲ್ಲಿ ಒಂದು ಬಿಟ್ಟು ಒಂದು ಉಬ್ಬಿಗಲ್ಲ, ಪ್ರತಿ ಉಬ್ಬಿಗೂ ಬೋಲ್ಟು ಹಾಕಿ. ತಲೆಯ ಕೆಳಗೆ ಅಗಲವಾದ ವಾಷರ್ ಇರಲಿ, ತುಕ್ಕು ಹಿಡಿದದ್ದನ್ನು ಬದಲಾಯಿಸಿ. ಆಮೇಲೆ ರೀಪನ್ನು ಪಕಾಸಿಗೆ (ಮಾಡಿನ ಇಳಿಜಾರು ತೊಲೆಗೆ), ಪಕಾಸನ್ನು ಗೋಡೆಗೆ ಲೋಹದ ಪಟ್ಟಿಯಿಂದ ಬಿಗಿಯಿರಿ. ಮೊಳೆ ನೇರ ಎಳೆತಕ್ಕೆ ಜಾರಿ ಬರುತ್ತೆ, ಪಟ್ಟಿ ಬರೋಲ್ಲ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಮೇಲಿನ ಕೆಲಸವೆಲ್ಲ ನೀರಲ್ಲಿ ಹೋಮ.

ಕಿಟಕಿ ಗಾಜಿಗೆ ಟೇಪು ಅಂಟಿಸೋದು ಪ್ರಯೋಜನಕ್ಕಿಲ್ಲ, ಒಡೆದ ಚೂರು ದೊಡ್ಡದಾಗುತ್ತೆ ಅಷ್ಟೆ. 16 ಮಿ.ಮೀ. ಪ್ಲೈವುಡ್ ಹಲಗೆಯನ್ನು ಚೌಕಟ್ಟಿನ ಸುತ್ತ ಹತ್ತು ಸೆಂ.ಮೀ. ಹೊರಚಾಚುವಂತೆ ಕತ್ತರಿಸಿ, ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ. ‘ಒತ್ತಡ ಸಮ ಆಗಲಿ’ ಅಂತ ಎದುರುಬದುರು ಕಿಟಕಿ ತೆರೆದಿಡಬೇಡಿ. ಅದು ಗಾಳಿಗೆ ಕೊಟ್ಟ ಆಹ್ವಾನ.

ಪ್ರಶ್ನೆ ಕೇಳಿದವರು

ಕಲ್ಲಿನ ಆಸೆ ಬಿಟ್ಟೆ. ಇನ್ನೊಂದು: ಫೋನ್ ಸತ್ತುಹೋಗಿ ಬುಲೆಟಿನ್ ಸಿಗದಿದ್ದರೆ ನಾವು ಯಾವ ಪಕ್ಕದಲ್ಲಿದ್ದೀವಿ ಅಂತ ತಿಳಿಯೋದು ಹೇಗೆ?

ಉತ್ತರ 1

ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಉತ್ತರ ಗೋಳಾರ್ಧದಲ್ಲಿ ನಡುಬಿಂದು ನಿಮ್ಮ ಎಡಗಡೆ, ತುಸು ಮುಂದಕ್ಕೆ. ದಕ್ಷಿಣ ಗೋಳಾರ್ಧದಲ್ಲಿ ಬಲಗಡೆ. ಗಂಟೆಗೊಮ್ಮೆ ದಿಕ್ಕು ಬರೆದಿಡಿ. ಗಾಳಿ ಏರುತ್ತಿದ್ದು ದಿಕ್ಕು ಬದಲಾಗದಿದ್ದರೆ ನಡುಬಿಂದು ನೇರ ನಿಮ್ಮತ್ತಲೇ. ಉತ್ತರ ಗೋಳಾರ್ಧದಲ್ಲಿ ದಿಕ್ಕು ಗಡಿಯಾರದ ಮುಳ್ಳಿನಂತೆ ತಿರುಗಿದರೆ ನೀವು ಅದರ ದಾರಿಯ ಬಲಪಕ್ಕದಲ್ಲಿದ್ದೀರಿ. ಸುತ್ತುವ ಗಾಳಿಗೆ ಸಾಗುವ ವೇಗವೂ ಕೂಡೋದು ಆ ಪಕ್ಕದಲ್ಲೇ, ನೀರು ಹೆಚ್ಚು ನುಗ್ಗೋದೂ ಅಲ್ಲೇ. ಎಡಪಕ್ಕದಲ್ಲಿ ಕಡಲು ಹಿಂದೆ ಸರಿಯೋದುಂಟು, 2017ರಲ್ಲಿ ‘ಇರ್ಮಾ’ ಬಂದಾಗ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ಹೀಗೇ ಆಯಿತು. ಬರಿದಾದ ತಳಕ್ಕೆ ಇಳಿಯಬೇಡಿ, ಗಾಳಿ ತಿರುಗಿದಾಗ ನೀರು ವಾಪಸ್ ಬರುತ್ತೆ.

ಹಠಾತ್ತನೆ ನಿಶ್ಶಬ್ದವಾದರೆ ಅದು ಚಂಡಮಾರುತದ ಕಣ್ಣು, ಅಂದರೆ ನಟ್ಟನಡುವಿನ ಶಾಂತ ಜಾಗ. 40 ಕಿ.ಮೀ. ಅಗಲದ ಕಣ್ಣು ಗಂಟೆಗೆ 20ರಂತೆ ಸಾಗಿದರೆ ಹೆಚ್ಚೆಂದರೆ ಎರಡು ಗಂಟೆ, ನೀವು ಅಂಚಿನಲ್ಲಿದ್ದರೆ ಕೆಲವೇ ನಿಮಿಷ. ಆಮೇಲೆ ಗಾಳಿ ಎದುರು ದಿಕ್ಕಿನಿಂದ, ಒಮ್ಮೆಗೇ ಪೂರ್ತಿ ಬಲದಲ್ಲಿ ಬರುತ್ತೆ. ಹೊರಗೆ ಹೋಗಬೇಡಿ.

ಉತ್ತರ 5

ನಂತರದ ಸಾವುಗಳ ಬಗ್ಗೆ ಎರಡೇ ಮಾತು. ಜನರೇಟರನ್ನು ಮನೆಯೊಳಗೆ, ಜಗಲಿಯಲ್ಲಿ, ಕಿಟಕಿ ಪಕ್ಕ ಇಡಬೇಡಿ. ಕನಿಷ್ಠ 6 ಮೀಟರ್ ದೂರ, ಹೊಗೆಕೊಳವೆ ಮನೆಗೆ ಬೆನ್ನು ಹಾಕಿರಲಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆನೋವು ಅಂತ ಮಲಗಿದವರು ಏಳೋದಿಲ್ಲ. ನೀರು ಆಳಿಗೆ ದಿನಕ್ಕೆ 4 ಲೀಟರಿನಂತೆ ಮೊದಲೇ ತುಂಬಿಟ್ಟುಕೊಳ್ಳಿ. ಅದು ಮುಗಿದರೆ ಬೇರೆ ನೀರನ್ನು ಕುದಿಸಿ ಕುಡಿಯಿರಿ. ಕುದಿಸಲು ಆಗದಿದ್ದರೆ ಬಟ್ಟೆಯಲ್ಲಿ ಸೋಸಿ, ಪರಿಮಳ ಬೆರೆಸದ 6 ಶೇಕಡಾ ಬ್ಲೀಚ್ ದ್ರಾವಣ ಲೀಟರಿಗೆ ಎರಡು ಹನಿ ಹಾಕಿ ಅರ್ಧ ಗಂಟೆ ಬಿಡಿ. ಕ್ಲೋರಿನ್ ವಾಸನೆ ಸ್ವಲ್ಪವೂ ಬಾರದಿದ್ದರೆ ಇನ್ನೆರಡು ಹನಿ ಹಾಕಿ ಕಾಲು ಗಂಟೆ ಕಾಯಿರಿ.