ಗಿಲ್‌ರೇ ಹಾಳೆಯ ಮೇಲಿನ 1790 ನಂಬಬಹುದಾ?

ತಾಮ್ರತಗಡು:
ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇಯ ‘ಸ್ಮೆಲ್ಲಿಂಗ್ ಔಟ್ ಎ ರ‍್ಯಾಟ್’ ಹಾಳೆಯೊಂದು ಮಾರಾಟಕ್ಕಿದೆ. ಕೆಳಗಡೆ ಪ್ರಕಟಿಸಿದ ಹಂಫ್ರಿ ಅಂಗಡಿಯ ಹೆಸರು, 3 ಡಿಸೆಂಬರ್ 1790 ಅಂತ ಇದೆ. ಬಣ್ಣವಿಲ್ಲ, ಕಾಗದ ದಪ್ಪ, ಹಿಂಬದಿಯಲ್ಲೂ ಬೇರೊಂದು ಚಿತ್ರ ಅಚ್ಚಾಗಿದೆ. 1790ರದ್ದೇ ಇರಬಹುದಾ? ಚಿತ್ರದಲ್ಲಿರುವ ದೈತ್ಯ ಮೂಗು ಫ್ರೆಂಚ್ ಕ್ರಾಂತಿಯ ವಿರೋಧಿ ಸಂಸದ ಎಡ್ಮಂಡ್ ಬರ್ಕ್‌ನದು, ಅದು ಗೊತ್ತು. ಮೇಜಿನ ಮುಂದೆ ಕೂತವನು ಕ್ರಾಂತಿಯ ಪರ ಇದ್ದ ವಿಜ್ಞಾನಿ-ಪಾದ್ರಿ ಪ್ರೀಸ್ಟ್ಲಿಯೋ, ಅದೇ ನಿಲುವಿನ ಪಾದ್ರಿ ಪ್ರೈಸೋ?

ಹಳೆಕಾಗದ:
ಹಿಂಬದಿಯ ಚಿತ್ರದಲ್ಲೇ ಉತ್ತರ ಇದೆ. 1851ರ ಸುಮಾರಿಗೆ ಬೋನ್ ಎಂಬ ಪ್ರಕಾಶಕ ಗಿಲ್‌ರೇಯ ಮೂಲ ತಾಮ್ರದ ತಗಡುಗಳನ್ನೇ ಬಳಸಿ, ದಪ್ಪ ಕಾಗದದ ಎರಡೂ ಬದಿಗೆ, ಬಣ್ಣವಿಲ್ಲದೆ ಒತ್ತಿಸಿದ. ಮೇಲಿನ ಮೂಲೆಯಲ್ಲಿ ತಗಡಿನ ಸಂಖ್ಯೆ ಇದೆಯಾ ನೋಡಿ. 1735ರ ಬ್ರಿಟಿಷ್ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟಣೆಯ ತಾರೀಖನ್ನು ತಾಮ್ರದಲ್ಲೇ ಕೊರೆಯಬೇಕಿತ್ತು. ಹಾಗಾಗಿ ಅರವತ್ತು ವರ್ಷ ಬಿಟ್ಟು ಒತ್ತಿದರೂ ಅದೇ ತಾರೀಖು ಮೂಡುತ್ತದೆ. ಅದು ತಗಡಿನ ವಯಸ್ಸು, ಹಾಳೆಯದಲ್ಲ.

ಹತ್ತು ಪಟ್ಟಿನ ಮಸೂರದಲ್ಲೂ ನೋಡಿಬಿಡಿ. ಎಚ್ಚಿಂಗ್ (ಆಮ್ಲದಿಂದ ತಗಡಿನಲ್ಲಿ ಗೆರೆ ಕೊರೆದು ಒತ್ತಿದ ಚಿತ್ರ) ಆದರೆ ಗೆರೆಯ ಶಾಯಿ ಕಾಗದದಿಂದ ತುಸು ಉಬ್ಬಿರುತ್ತದೆ. ಚುಕ್ಕಿಗಳ ಜಾಲರಿ ಕಂಡರೆ ಫೋಟೊ ನಕಲು, ಮುಂದೆ ನೋಡುವ ಅಗತ್ಯವೇ ಇಲ್ಲ. ತಗಡು ಹೆಚ್ಚು ಓಡಿದ್ದರೆ ಒತ್ತಾಗಿ ಹೆಣೆದ ನೆರಳಿನ ಗೆರೆಗಳು ಮೊದಲು ಸವೆದು ಬೂದಾಗುತ್ತವೆ.

ಮಸಿಗೆರೆ:
ಕೂತವನು ರಿಚರ್ಡ್ ಪ್ರೈಸ್. ಗೋಡೆಯ ಮೇಲೆ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ನ ಶಿರಚ್ಛೇದದ ಚಿತ್ರ ತೂಗುಹಾಕಿದೆ, ಈತ ದೊರೆಯ ತಲೆಗೇ ಹೊಂಚು ಹಾಕಿದವನು ಎನ್ನಲು. 1789ರ ನವೆಂಬರ್ 4ರಂದು ಲಂಡನ್ನಿನ ಓಲ್ಡ್ ಜ್ಯೂರಿಯಲ್ಲಿ ಪ್ರೈಸ್ ಫ್ರೆಂಚ್ ಕ್ರಾಂತಿಯನ್ನು ಹೊಗಳಿ ಪ್ರವಚನ ಕೊಟ್ಟ. ಬರ್ಕ್‌ನ ಉತ್ತರವಾದ ಪುಸ್ತಕ ಮರುವರ್ಷದ ನವೆಂಬರ್‌ನಲ್ಲಿ ಬಂತು; ಒಂದು ತಿಂಗಳಿಗೆ ಈ ಚಿತ್ರ. ಬರ್ಕ್‌ಗೆ ಮೈಯೇ ಇಲ್ಲ: ಮೂಗು, ಕನ್ನಡಕ, ಒಂದು ಕೈಲಿ ಕಿರೀಟ, ಇನ್ನೊಂದರಲ್ಲಿ ಶಿಲುಬೆ, ಅಷ್ಟೆ. ಗಿಲ್‌ರೇ ಬರ್ಕ್‌ನ ಪರ ಅಂತ ಕಣ್ಣುಮುಚ್ಚಿ ಬರೆಯುವವರು ಆ ಮೂಗನ್ನು ಇನ್ನೊಮ್ಮೆ ನೋಡಲಿ.

ಪ್ರೀಸ್ಟ್ಲಿ ಬೇಕಾದರೆ 1791ರ ಜುಲೈ 23ರ ‘ಎ ಬರ್ಮಿಂಗ್‌ಹ್ಯಾಮ್ ಟೋಸ್ಟ್’ ನೋಡಿ. ಆತ ಪ್ರಭುಭೋಜನದ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ವಿಧಿಯ) ತಟ್ಟೆ ಎತ್ತಿಹಿಡಿದು ದೊರೆಯ ತಲೆ ಇದರಲ್ಲಿ ಬೀಳಲಿ ಎನ್ನುತ್ತಾನೆ. ಆಂಗ್ಲಿಕನ್ ಚರ್ಚಿನಲ್ಲಿ ಪ್ರಭುಭೋಜನ ತೆಗೆದುಕೊಳ್ಳದವರಿಗೆ ಸರ್ಕಾರಿ ಹುದ್ದೆ ಇಲ್ಲ ಎಂಬ ಟೆಸ್ಟ್ ಕಾಯ್ದೆ ಜಾರಿಯಲ್ಲಿದ್ದ ಕಾಲ. ಆ ಚರ್ಚಿಗೆ ಸೇರದ ಡಿಸೆಂಟರ್‌ನ ಕೈಗೆ ಅದೇ ತಟ್ಟೆ ಕೊಟ್ಟಿದ್ದರಲ್ಲಿದೆ ಕುಟುಕು.

ಹಳೆಕಾಗದ:
ಆದರೆ ಚಿತ್ರ ತೋರಿಸುವ, ಫ್ರೆಂಚ್ ಕ್ರಾಂತಿಯ ನೆನಪಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಜುಲೈ 14ರ ಔತಣಕ್ಕೆ ಪ್ರೀಸ್ಟ್ಲಿ ಹೋಗಿರಲೇ ಇಲ್ಲ. ಚಿತ್ರದಲ್ಲಿರುವ ವಿರೋಧಪಕ್ಷದ ಸಂಸದರಾದ ಫಾಕ್ಸ್, ಶೆರಿಡನ್ ಕೂಡ ಅಲ್ಲಿರಲಿಲ್ಲ. ಚಿತ್ರ ಹೊರಬರುವ ಹೊತ್ತಿಗೆ ಔತಣವನ್ನು ವಿರೋಧಿಸಿದ ಗಲಭೆಕೋರರು ಪ್ರೀಸ್ಟ್ಲಿಯ ಮನೆ, ಗ್ರಂಥಾಲಯ, ಪ್ರಯೋಗಶಾಲೆ ಎಲ್ಲವನ್ನೂ ಹಾಳುಮಾಡಿಯಾಗಿತ್ತು. ಔತಣದಲ್ಲಿ ಏನಾಯಿತು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಹಾಕಬೇಡಿ. ಜನ ಏನನ್ನು ನಂಬಲು ತಯಾರಿದ್ದರು ಎಂಬುದಕ್ಕೆ ಹಾಕಿ.

ತಾಮ್ರತಗಡು:
ಹಾಗಾದರೆ ಇದು ಬೋನ್‌ದೇ. ಇದೇ ಚಿತ್ರದ ಇನ್ನೊಂದು ಹಾಳೆ ಇದೆ, ಒಂದೇ ಬದಿ, ಕೈಬಣ್ಣ. ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕ್‌ನಲ್ಲಿ 1801 ಕಾಣುತ್ತೆ. ನಕಲಾ?

ಹಳೆಕಾಗದ:
ನಕಲಲ್ಲ, ತಡವಾಗಿ ಒತ್ತಿದ್ದು. ಅಂಗಡಿಯಲ್ಲೇ ತಗಡು ಇಟ್ಟುಕೊಂಡು ಬೇಡಿಕೆ ಬಂದಾಗ ಒತ್ತುತ್ತಿದ್ದರು. 1801ಕ್ಕಿಂತ ಮುಂಚಿನದಲ್ಲ ಎಂಬುದಷ್ಟೇ ಖಚಿತ. ಮಾರುವವರು ‘1790’ ಎಂದು ಬೆಲೆ ಹೇಳಿದರೆ ವಾಟರ್‌ಮಾರ್ಕ್ ತೋರಿಸಿ ಚೌಕಾಸಿ ಮಾಡಿ. ನಾಲ್ಕೂ ಕಡೆ ತಗಡಿನ ಒತ್ತುಗುರುತು ಉಳಿದಿದೆಯಾ, ಅಂಚು ಕತ್ತರಿಸಿದ್ದಾರಾ ಅದನ್ನೂ ನೋಡಿಕೊಳ್ಳಿ.